ಸ್ನಾನಕ್ಕೆ ಹೋದವರ ಟಿಕೆಟ್ಟು

ಬ್ಯಾಂಕಿನಿಂದ ಮೊದಲ ಸಲ ಫೋನ್ ಬಂದಾಗ ಅವಳು ಸುಳ್ಳು ಹೇಳಬೇಕೆಂದುಕೊಂಡಿರಲಿಲ್ಲ. ಗಂಡ ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಅವನ ಫೋನು ಅಡುಗೆಮನೆಯ ಕಟ್ಟೆಯ ಮೇಲೆ, ಯಾವಾಗಲೂ ಇರುತ್ತಿದ್ದ ಜಾಗದಲ್ಲೇ, ಚಾರ್ಜಿಗೆ ಸಿಕ್ಕಿಸಿಕೊಂಡು ಬಿದ್ದಿತ್ತು. ಎತ್ತಿದರೆ ಆ ಕಡೆ ಒಬ್ಬ ಹುಡುಗಿ.

"ಸರ್ ಇದ್ದಾರಾ ಮೇಡಂ? ಅವರ ಕ್ರೆಡಿಟ್ ಕಾರ್ಡ್ ವಿಷಯ ಮಾತಾಡ್ಬೇಕಿತ್ತು."

"ಸ್ನಾನಕ್ಕೆ ಹೋಗಿದ್ದಾರೆ," ಅಂದಳು.

ಇಷ್ಟು ವರ್ಷ ಬೆಳಗಿನ ಹೊತ್ತು ಯಾರೇ ಫೋನ್ ಮಾಡಿದರೂ ಅವಳು ಕೊಡುತ್ತಿದ್ದ ಉತ್ತರ ಅದು. ಬಾಯಿ ತಾನಾಗಿ ಆಡಿತು. ಆಮೇಲೆ ಮಾಡ್ತೀನಿ ಎಂದು ಹುಡುಗಿ ಇಟ್ಟಳು. ಅವಳು ಫೋನನ್ನು ಮತ್ತೆ ಚಾರ್ಜಿಗೆ ಹಾಕಿ, ಕೈ ಒರೆಸಿಕೊಂಡು, ಬಚ್ಚಲುಮನೆಯ ಕಡೆ ತಿರುಗಿದಳು. ಬಾಗಿಲು ಮುಚ್ಚಿತ್ತು. ತಾನೇ ಮುಚ್ಚಿದ್ದಳೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಮೂರು ಮಹಡಿಯ ಆ ಕಟ್ಟಡದಲ್ಲಿ ಎಲ್ಲರಿಗೂ ಅವಳು ಕಾರ್ಡಕ್ಕ. ಕೆಲಸ ಮಾಡುವುದು ಬೀದಿಯ ತುದಿಯ ಲಾಂಡ್ರಿಯಲ್ಲಿ. ಒಗೆಯಲು ಬಂದ ಬಟ್ಟೆಗೆ ಬಿದ್ದುಹೋದ ಗುಂಡಿ ಹಾಕುವುದು, ಸವೆದ ಕಾಲರು ಬಿಚ್ಚಿ ಮಗುಚಿ ಹೊಲಿಯುವುದು, ಹಲ್ಲು ಮುರಿದ ಜಿಪ್ಪು ಬದಲಿಸುವುದು. ಉಗಿಯ ವಾಸನೆ ಕೂದಲಿಗೆ ಹತ್ತಿ ಮನೆಗೆ ಬಂದ ಮೇಲೂ ಹೋಗುತ್ತಿರಲಿಲ್ಲ. ಸಂಬಳವನ್ನು ಯಜಮಾನರು ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಿದ್ದರು. ಹಾಗಾಗಿ ಅವಳು ದುಡಿಯುತ್ತಾಳೆಂಬ ಸಂಗತಿ ಲಾಂಡ್ರಿಗೆ ಗೊತ್ತಿತ್ತು, ಅವಳ ಬೆನ್ನಿಗೆ ಗೊತ್ತಿತ್ತು, ಬ್ಯಾಂಕಿಗೆ ಗೊತ್ತಿರಲಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಮೆಕ್ಯಾನಿಕ್. ಅವನ ಸಂಬಳ ಬ್ಯಾಂಕಿಗೆ ಬೀಳುತ್ತಿದ್ದುದರಿಂದ ಬ್ಯಾಂಕು ಅವನನ್ನು ನಂಬಿ ಒಂದು ಕಾರ್ಡು ಕೊಟ್ಟಿತ್ತು. ಖರ್ಚು ಮಾಡಿದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ವಿಮಾನದ ಟಿಕೆಟ್ಟು. ಅದರ ಜೊತೆಗೆ ಹೆಂಡತಿಗೂ ಒಂದು ಜೋಡಿ ಕಾರ್ಡು. ತನ್ನ ಹೆಸರು ಅಚ್ಚಾದ ಆ ಕಾರ್ಡನ್ನು ಅವಳು ಮೊದಲ ದಿನ ಬೆರಳಿನಿಂದ ಸವರಿ ಸವರಿ ನೋಡಿದ್ದಳು. ಖಾತೆ ಗಂಡನದು, ಹೆಸರಷ್ಟೇ ತನ್ನದು ಎಂಬುದು ಆಗ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಅವಳ ಬದುಕಿನಲ್ಲಿ ಬಾಡಿಗೆ ಕರಾರಿನಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲ ಇದ್ದದ್ದೇ ಹಾಗೆ.

ಆ ಕಾರ್ಡನ್ನು ಅವಳು ಒಂದು ಹಸುವನ್ನು ಸಾಕುವ ಹಾಗೆ ಸಾಕಿದಳು. ಕೆಳಮನೆಯ ರಿಟೈರಾದ ಟೀಚರಮ್ಮನಿಗೆ ಫ್ರಿಜ್ ಬೇಕೆಂದರೆ, "ದುಡ್ಡು ನನ್ನ ಕೈಗೆ ಕೊಡಿ, ಕಾರ್ಡು ನಾನು ಉಜ್ತೀನಿ," ಎಂದು ಅಂಗಡಿಗೆ ಜೊತೆಗೆ ಹೋಗುತ್ತಿದ್ದಳು. ಲಾಂಡ್ರಿಗೆ ಮೂಟೆಗಟ್ಟಲೆ ಬರುವ ಸೋಪಿನ ಪುಡಿಯೂ ಅವಳ ಕಾರ್ಡಿನಲ್ಲೇ. ಯಾರು ಏನು ಕೊಂಡರೂ ನೋಟು ಅವಳ ಕೈಗೆ, ಅವಳ ಕೈಯಿಂದ ಗಂಡನ ಖಾತೆಗೆ, ಪಾಯಿಂಟು ಕಾರ್ಡಿಗೆ. ಮಿತಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಳಸಬಾರದು, ಗಡುವಿನ ದಿನಕ್ಕೆ ಕಾಯದೆ ಬಿಲ್ಲು ಪೂರ್ತಿ ಕಟ್ಟಬೇಕು. ಹೀಗೆ ಮಾಡಿದರೆ ಕ್ರೆಡಿಟ್ ಸ್ಕೋರು ಎಂಬ ಅಂಕ ಏರುತ್ತದೆ, ಬ್ಯಾಂಕಿನ ಕಣ್ಣಲ್ಲಿ ಮನುಷ್ಯನ ಮರ್ಯಾದೆ ಏರುತ್ತದೆ. ಜ್ವರ ಬಂದು ಮಲಗಿದ್ದಾಗಲೂ ಎದ್ದು ಕೂತು ಬಿಲ್ಲು ಕಟ್ಟಿದ್ದಳು. ಅಂಕ ಏರಿತು. ಏರಿದ್ದು ಗಂಡನದು.

ಒಮ್ಮೆ ಅವಳು ತನಗೇ ಒಂದು ಬೇರೆ ಕಾರ್ಡು ಮಾಡಿಸಿಕೊಳ್ಳಲೇ ಎಂದು ಕೇಳಿದ್ದಳು. ಅವನು ಬೈಯಲಿಲ್ಲ. ಅವನು ಬೈಯುವ ಮನುಷ್ಯನೇ ಅಲ್ಲ. ಶೂ ಬಿಚ್ಚುತ್ತಾ ನಿಧಾನವಾಗಿ ಹೇಳಿದ್ದ: "ಬ್ಯಾಂಕಿನವರು ಸುಮ್ನೆ ಹೆಸರು ಹಾಕಿ ನೋಡಿದ್ರೂ ಅಂಕ ಇಳಿಯುತ್ತಂತೆ. ಕೇಳೋದೇ ಬೇಡ ಬಿಡು." ಒಂದು ಮನೆಗೆ ಒಂದೇ ಕರೆಂಟ್ ಮೀಟರ್ ಇರುವ ಹಾಗೆ ಒಂದೇ ಅಂಕ ಇರುತ್ತದೆ ಎಂದು ಇಬ್ಬರೂ ನಂಬಿಕೊಂಡಿದ್ದರು. ತಾನು ಕೇಳಿದರೆ ಮನೆಯ ಅಂಕ ಇಳಿದೀತು ಎಂದು ಅವಳು ಕೇಳಲಿಲ್ಲ. ಆಮೇಲೆ ಬೇರೆ ಏನನ್ನೂ ಕೇಳುವ ಅಭ್ಯಾಸವೂ ಹಾಗೆಯೇ ತಪ್ಪಿತು.

ಪಾಯಿಂಟು ಕೂಡಿಸುತ್ತಿದ್ದುದು ಅಕ್ಕನ ಊರಿಗೆ. ತಾಯಿ ಸತ್ತ ಮೇಲೆ ಅವಳನ್ನು ಎತ್ತಿ ಆಡಿಸಿ, ಸೂಜಿಗೆ ದಾರ ಪೋಣಿಸಲು ಕಲಿಸಿದವಳು ಅಕ್ಕ. ತಂಗಿ ಚಿಕ್ಕಂದಿನಲ್ಲಿ ಕಂಡ ಗುಂಡಿಯನ್ನೆಲ್ಲ ಆರಿಸಿ ಡಬ್ಬಿಗೆ ತುಂಬುತ್ತಿದ್ದಳೆಂದು ಅವಳನ್ನು 'ಗುಂಡಿ' ಎಂದೇ ಕರೆಯುತ್ತಿದ್ದಳು. ಆ ಅಕ್ಕ ದೇಶದ ಇನ್ನೊಂದು ತುದಿಯಲ್ಲಿ ಮಗನ ಮನೆಯಲ್ಲಿದ್ದಳು. ರೈಲಿನಲ್ಲಾದರೆ ಹೋಗಲು ಎರಡು ದಿನ, ಬರಲು ಎರಡು ದಿನ. "ಅಷ್ಟು ದಿನ ಮನೆ ಗತಿ ಏನು? ಪಾಯಿಂಟ್ ಸೇರಲಿ, ವಿಮಾನದಲ್ಲಿ ಹೋಗಿ ಬೇಗ ಬಂದ್ಬಿಡು," ಎನ್ನುತ್ತಿದ್ದ ಗಂಡ. ಅವಳಿಗೂ ಸರಿ ಅನ್ನಿಸುತ್ತಿತ್ತು. ಮಕ್ಕಳಿಲ್ಲದ ಮನೆಯಾದರೂ ಮನೆಯ ಕೆಲಸವೇನೂ ಕಡಿಮೆ ಇರಲಿಲ್ಲ. ಅವನೊಬ್ಬನಿಗೇ ಮೂರು ಮಕ್ಕಳಷ್ಟು ಮಾಡಬೇಕಿತ್ತು. ಬಿಸಿನೀರು ಕಾಯಿಸಿ ಬಕೆಟ್ಟಿಗೆ ತುಂಬಬೇಕು, ಗ್ರೀಸಿನ ಅಂಗಿ ಬೇರೆ ನೆನೆಹಾಕಬೇಕು. ಸ್ನಾನಕ್ಕೆ ಹೋಗುವಾಗ ಅವನು ಒಂದು ದಿನವೂ ಟವೆಲ್ ಒಯ್ದವನಲ್ಲ. ಒಳಗಿನಿಂದ "ಟವೆಲ್ಲು" ಎಂದು ಒಂದು ಕೂಗು, ಬಾಗಿಲ ಸಂದಿಯಿಂದ ಒಂದು ಒದ್ದೆ ಕೈ. ಒಲೆಯ ಮೇಲೆ ಏನಿದ್ದರೂ ಬಿಟ್ಟು ಅವಳು ಹೋಗಿ ಆ ಕೈಗೆ ಟವೆಲ್ ಕೊಡಬೇಕು.

ಈಚೆಗೆ ಅಕ್ಕನ ನೆನಪು ಜಾರತೊಡಗಿತ್ತು. ಫೋನಿನಲ್ಲಿ ಕೆಲವು ಸಲ ಸರಿಯಾಗಿ ಮಾತಾಡುತ್ತಿದ್ದಳು, ಕೆಲವು ಸಲ ಯಾರಮ್ಮ ನೀನು ಎನ್ನುತ್ತಿದ್ದಳು. ಅಕ್ಕನ ಮಗ ಡಾಕ್ಟರ ಮಾತನ್ನು ಮುಚ್ಚಿಡದೆ ಹೇಳಿದ್ದ: ನೋಡುವವರು ಬೇಗ ಬಂದು ನೋಡುವುದು ಒಳ್ಳೆಯದು, ಮುಖಗಳು ಒಂದೊಂದಾಗಿ ಹೋಗುತ್ತವೆ. ತನ್ನ ಮುಖ ಹೋಗುವ ಮುಂಚೆ ಅಕ್ಕನ ಎದುರು ನಿಲ್ಲಬೇಕು. ಕಾರ್ಡಕ್ಕನಿಗೆ ಬೇಕಾಗಿದ್ದದ್ದು ಅದೊಂದೇ.

ಅಷ್ಟರಲ್ಲಿ ಗಂಡ ಹೋದ. ಯಾವುದೋ ಎತ್ತರದ ಕಟ್ಟಡದ ನೆತ್ತಿಯ ಮೇಲೆ, ಲಿಫ್ಟಿನ ಯಂತ್ರದ ಕೋಣೆಯಲ್ಲಿ, ಚಹಾಕ್ಕೆ ಕಾಯುತ್ತಾ ಕುರ್ಚಿಯಲ್ಲಿ ಕೂತವನು ಕೂತ ಹಾಗೇ. ಲಿಫ್ಟು ಬಿಚ್ಚಿಟ್ಟಿದ್ದರಿಂದ ಅವನನ್ನು ಮೆಟ್ಟಿಲ ಮೇಲೆಯೇ ಹೊತ್ತು ಇಳಿಸಿದರು.

ನೆಂಟರೆಲ್ಲ ಹೊರಟುಹೋದ ಮೇಲೆ, ಇನ್ಶೂರೆನ್ಸ್ ಏಜೆಂಟನಾಗಿದ್ದ ಮೈದುನ ಮೆಲ್ಲಗೆ ಕೇಳಿದ. "ಅತ್ತಿಗೆ, ಕಾರ್ಡಲ್ಲಿ ಪಾಯಿಂಟ್ ಇದೆಯಾ?"

"ಇದೆ. ಹೋಗಿ ಬರೋ ಟಿಕೆಟ್ಟಿಗೆ ಇನ್ನು ಸ್ವಲ್ಪ ಸಾಲದು."

"ಹಾಗಾದ್ರೆ ಬ್ಯಾಂಕಿಗೆ ಈಗ್ಲೇ ಹೇಳ್ಬೇಡಿ. ಹೇಳಿದ ದಿನವೇ ಕಾರ್ಡ್ ಮುಚ್ತಾರೆ, ಪಾಯಿಂಟೆಲ್ಲ ಅಣ್ಣನ ಜೊತೆಗೇ ಹೋಯ್ತು ಅಂದ್ಕೊಳ್ಳಿ. ನಿಮ್ಮ ಜೋಡಿ ಕಾರ್ಡೂ ಸಾಯುತ್ತೆ. ನೀವು ಕೂಡಿಸಿದ್ದು ತಾನೇ? ಉಪಯೋಗಿಸ್ಕೊಂಡು ಆಮೇಲೆ ಹೇಳಿ."

ಅವಳು ಹೇಳಲಿಲ್ಲ. ಬಿಲ್ಲು ಎಂದಿನಂತೆ ಕಟ್ಟಿದಳು, ಟೀಚರಮ್ಮನ ಔಷಧಿ, ಲಾಂಡ್ರಿಯ ಸೋಪು ಎಲ್ಲ ಎಂದಿನಂತೆ. ತಿಂಗಳ ಕೊನೆಗೆ ಗಂಡನ ಫೋನಿಗೆ ಸಂದೇಶ ಬಂತು: ಅಭಿನಂದನೆಗಳು, ನಿಮ್ಮ ಸ್ಕೋರು ಏರಿದೆ. ಪರದೆಯ ಮೇಲೆ ಹಸಿರು ಗೆರೆಯ ಕಡೆಗೆ ಮುಳ್ಳು ಇನ್ನಷ್ಟು ವಾಲಿತ್ತು. ಸತ್ತ ಮೇಲೆ ಅವನು ಮತ್ತಷ್ಟು ನಂಬಿಕಸ್ಥನಾಗಿದ್ದ.

ಬ್ಯಾಂಕಿನ ಹುಡುಗಿಯ ಫೋನು ಆಗಾಗ ಬರುತ್ತಲೇ ಇತ್ತು. ಆ ಹುಡುಗಿಗೆ ಬೇಕಿದ್ದುದು ಕಾರ್ಡಕ್ಕನ ಗಂಡನಿಗೆ ಇನ್ನೂ ದೊಡ್ಡ ಕಾರ್ಡು ಮಾರುವುದು. ಯಾವ ಹೊತ್ತಿಗೆ ಬಂದರೂ ಉತ್ತರ ಒಂದೇ. ಒಂದು ಸಂಜೆ ಹುಡುಗಿ ನಕ್ಕು, "ಸರ್ ತುಂಬಾ ಕ್ಲೀನು ಮೇಡಂ," ಅಂದಳು. ಕಾರ್ಡಕ್ಕನಿಗೂ ನಗು ಬಂತು. ನಗುತ್ತಾ ಫೋನ್ ಇಟ್ಟಾಗ ಬಚ್ಚಲಿನಿಂದ ನೀರು ಬೀಳುವ ಸದ್ದು ಕೇಳಿಸಿತು.

ಹೋಗಿ ನೋಡಿದಳು. ನಲ್ಲಿ ಬಿಗಿಯಾಗಿತ್ತು. ನೆಲ ಒಣಗಿತ್ತು. ಹೊರಗೆ ಬಂದು ಬಾಗಿಲು ಎಳೆದುಕೊಂಡ ಮೇಲೆ ಮತ್ತೆ ಸದ್ದು, ಬಕೆಟ್ಟಿನಿಂದ ಚೊಂಬು ಮೊಗೆದು ಹೆಗಲ ಮೇಲೆ ಸುರಿದುಕೊಳ್ಳುವಂಥ, ನಡುವೆ ಬಿಡುವು ಬಿಟ್ಟು ಬಿಟ್ಟು ಬರುವ ಸದ್ದು. ನಲ್ಲಿ ರಿಪೇರಿಯವನನ್ನು ಕರೆಸಿದಳು. ಅವನು ವಾಷರ್ ಬಿಚ್ಚಿ ನೋಡಿ, ಎಲ್ಲ ಸರಿ ಇದೆ ಎಂದು ಬಂದ ಕೂಲಿ ಇಸಿದುಕೊಂಡು ಹೋದ. ಕೆಳಗಿನಿಂದ ಟೀಚರಮ್ಮ, ಇದೇನು ಕಾರ್ಡಕ್ಕ ಇಡೀ ದಿನ ಸ್ನಾನವೇ ಎಂದು ಕೇಳಿದಾಗ ಮಾತ್ರ ಅವಳಿಗೆ ಹೆದರಿಕೆ ಹುಟ್ಟಿತು. ಆ ಸದ್ದು ತನ್ನ ತಲೆಯೊಳಗಿನದು ಎಂದು ಅಲ್ಲಿಯವರೆಗೆ ಸಮಾಧಾನ ಮಾಡಿಕೊಂಡಿದ್ದಳು.

ಹೆದರಿಕೆಗಿಂತ ವಿಚಿತ್ರವಾದದ್ದು ಏನೆಂದರೆ, ಅವಳ ಕೆಲಸ ಮತ್ತೆ ಶುರುವಾಯಿತು. ಗಂಡ ಹೋದ ಮೇಲೆ ಕೆಲವು ವಾರ ಅವಳ ಬೆಳಗುಗಳಿಗೆ ಎಂದೂ ಇಲ್ಲದ ಅಗಲ ಬಂದಿತ್ತು. ಚಹಾ ಬಿಸಿ ಇರುವಾಗಲೇ ಕುಡಿದು ಮುಗಿಸುತ್ತಿದ್ದಳು. ಈಗ ಎದ್ದ ಕೂಡಲೇ ಕೈ ನೀರು ಕಾಯಿಸಲು ಇಡುತ್ತಿತ್ತು. ಬಕೆಟ್ಟು ತುಂಬಿಸಿ ಬಚ್ಚಲಿನಲ್ಲಿಟ್ಟು, ಬಾಗಿಲಿನ ಪಕ್ಕದ ಕುರ್ಚಿಯ ಮೇಲೆ ಮಡಚಿದ ಟವೆಲ್ ಇಟ್ಟು ಬರುತ್ತಿದ್ದಳು. ಸಂಜೆ ಅದು ಇಟ್ಟ ಹಾಗೇ ಇರುತ್ತಿತ್ತು. ಮುಟ್ಟಿ ನೋಡಿದರೆ ಮಾತ್ರ ಒಂದು ಅಂಚು ತೇವ ಅನ್ನಿಸುತ್ತಿತ್ತು. ಅದನ್ನು ಒಗೆದು ಹಾಕುತ್ತಿದ್ದಳು. ಬದುಕಿದ್ದಾಗ ಆರೋಗ್ಯ ಸರಿಯಿಲ್ಲವೆಂದು ಅವನೇ ಕೆಲವು ದಿನ ಸ್ನಾನ ಬಿಡುತ್ತಿದ್ದ. ಈಗ ಆ ರಜೆಯೂ ಇರಲಿಲ್ಲ.

ಮೈದುನ ಒಂದು ಭಾನುವಾರ ಊಟಕ್ಕೆ ಬಂದವನು ಕುರ್ಚಿಯ ಮೇಲಿನ ಟವೆಲ್ ನೋಡಿ ಯಾರದೆಂದು ಕೇಳಿದ. ನನ್ನದೇ ಅಂದಳು. ಅವನು ಕೈ ತೊಳೆದು ಅದರಲ್ಲೇ ಒರೆಸಿಕೊಳ್ಳಲು ಹೋದ. "ಅದನ್ನ ಮುಟ್ಬೇಡ," ಎಂದು ಅವಳು ಹೇಳಿದ ರೀತಿಗೆ ಅವನ ಕೈ ಅಲ್ಲೇ ನಿಂತಿತು. ಬೇಗ ಉಂಡು ಬೇಗ ಹೋದ. ತಟ್ಟೆ ಮಾತ್ರ ತೊಳೆಯದೆ ಹೋದ.

ಪಾಯಿಂಟು ತುಂಬುವುದಕ್ಕೆ ಇನ್ನು ಸ್ವಲ್ಪವೇ ಉಳಿದಿದ್ದಾಗ ಅವಳಿಗೆ ಮುಂದಿನ ಯೋಚನೆ ಬಂತು. ಈ ಕಾರ್ಡು ಮುಚ್ಚಿದ ಮೇಲೆ ತನಗೊಂದು ಬೇಕಲ್ಲ. ಊಟದ ಬಿಡುವಿನಲ್ಲಿ ಬೇರೊಂದು ಬ್ಯಾಂಕಿಗೆ ಹೋಗಿ, ಕೌಂಟರಿನಲ್ಲಿದ್ದ ಗುಮಾಸ್ತನ ಮುಂದೆ ಕೂತಳು. ನೀವು ಹೆಸರು ಹಾಕಿ ನೋಡಿದರೆ ನಮ್ಮನೆಯ ಅಂಕ ಇಳಿಯುವುದಿಲ್ಲ ತಾನೇ ಎಂದು ಮೊದಲೇ ಕೇಳಿಕೊಂಡಳು.

"ಮನೆಗೆಲ್ಲಿ ಅಂಕ ಮೇಡಂ? ಅದು ಒಬ್ಬೊಬ್ಬರದು ಒಂದೊಂದು," ಅಂದ ಗುಮಾಸ್ತ. ಅವಳ ಗುರುತಿನ ಚೀಟಿ ನೋಡಿ ಏನೇನೋ ಒತ್ತಿದ. ಮತ್ತೆ ಒತ್ತಿದ. "ನಿಮ್ಮ ಹೆಸರಲ್ಲಿ ಏನೂ ಬರ್ತಿಲ್ಲ."

"ಸೊನ್ನೆನಾ?"

"ಸೊನ್ನೆ ಆದ್ರೂ ಒಂದು ಅಂಕ ಮೇಡಂ. ಇಲ್ಲಿ ನೀವು ಇಲ್ಲವೇ ಇಲ್ಲ."

ಅವಳು ಜೋಡಿ ಕಾರ್ಡನ್ನು ತೆಗೆದು ತೋರಿಸಿದಳು. ಇಷ್ಟು ವರ್ಷ ನಾನೇ ಕಟ್ಟಿದ್ದು, ಒಂದು ದಿನ ತಡ ಮಾಡಿಲ್ಲ ಅಂದಳು. ಅದೆಲ್ಲ ಸರ್ ಲೆಕ್ಕಕ್ಕೆ ಹೋಗಿರುತ್ತೆ ಎಂದು ಗುಮಾಸ್ತ ವಿವರಿಸಿದ. ಒಳ್ಳೆಯ ಹುಡುಗ. ಒಂದಿಷ್ಟು ಹಣ ಠೇವಣಿ ಇಟ್ಟರೆ ಅದರ ಮೇಲೆ ಸಣ್ಣ ಕಾರ್ಡು ಕೊಡುತ್ತೇವೆ, ಅಲ್ಲಿಂದ ನಿಮ್ಮ ಅಂಕ ಹುಟ್ಟುತ್ತದೆ ಎಂದೂ ಹೇಳಿದ. ಅವಳಿಗೆ ಅದು ಸರಿಯಾಗಿ ಕಿವಿಗೆ ಬೀಳಲಿಲ್ಲ. ಮನೆಗೆ ಬಂದು ಬಚ್ಚಲಿನ ಬಾಗಿಲ ಮುಂದೆ ನಿಂತಳು. ಒಳಗೆ ನೀರು ಬೀಳುತ್ತಿತ್ತು. ಇಲ್ಲದವನು ಇದ್ದ. ಅವನಿಗೆ ಅಂಕವಿತ್ತು, ಅಭಿನಂದನೆಗಳಿದ್ದವು, ಬಿಸಿನೀರಿತ್ತು.

ಅದೇ ವಾರ ಅಕ್ಕನ ಮಗ ಫೋನ್ ಮಾಡಿ ಅಕ್ಕನ ಕೈಗೆ ಕೊಟ್ಟ. "ನಮ್ಮ ಗುಂಡಿ ಇನ್ನೂ ಸ್ಕೂಲಿಂದ ಬಂದಿಲ್ಲ ಕಣಮ್ಮ," ಎಂದಳು ಅಕ್ಕ ಆತಂಕದಿಂದ. "ನಿನಗೆ ದಾರೀಲಿ ಕಂಡ್ಳಾ?"

"ಬರ್ತಾಳೆ ಅಕ್ಕ. ಹೊರಟಿದ್ದಾಳೆ," ಅಂದಳು ಕಾರ್ಡಕ್ಕ.

ಲಾಂಡ್ರಿಗೆ ಒಂದು ಹೊಸ ಇಸ್ತ್ರಿ ಯಂತ್ರ ಬೇಕಾಯಿತು. ಯಜಮಾನರನ್ನು ಕಾಡಿಬೇಡಿ ಅದನ್ನು ತನ್ನ ಕಾರ್ಡಿನಲ್ಲೇ ಕೊಡಿಸಿದಳು. ಪಾಯಿಂಟು ತುಂಬಿತು. ಮರುದಿನ ಬೆಳಗ್ಗೆ, ಒಲೆಯ ಮೇಲೆ ನೀರು ಕಾಯುತ್ತಿರುವಾಗ, ಗಂಡನ ಫೋನು ಹಿಡಿದು ಟಿಕೆಟ್ಟು ಮಾಡಲು ಕೂತಳು. ಹೋಗುವ ದಿನ, ಬರುವ ದಿನ, ಕಿಟಕಿಯ ಪಕ್ಕದ ಸೀಟು. ಪ್ರಯಾಣಿಕರ ಹೆಸರು, ಹುಟ್ಟಿದ ದಿನ. ಇಂಥ ನೂರಾರು ಖಾನೆಗಳನ್ನು ಅವಳು ಅವನ ಪರವಾಗಿ ತುಂಬಿದ್ದಳು. ಅಷ್ಟರಲ್ಲಿ ಬಚ್ಚಲಿನಿಂದ ಕೂಗು ಬಂತು. ಬಂತೋ, ಬಂದ ಹಾಗಾಯಿತೋ. ಎದ್ದು ಟವೆಲ್ ಇಟ್ಟು ಬಂದು, ಉಳಿದದ್ದನ್ನು ಬೇಗ ಬೇಗ ತುಂಬಿ, ಫೋನಿಗೆ ಬಂದ ಗುಟ್ಟಿನ ಸಂಖ್ಯೆ ಹಾಕಿ ಒತ್ತಿದಳು.

ಟಿಕೆಟ್ಟು ಬಂತು. ಪ್ರಯಾಣಿಕರ ಜಾಗದಲ್ಲಿ ಗಂಡನ ಹೆಸರಿತ್ತು, ಗಂಡನ ಹುಟ್ಟಿದ ದಿನವಿತ್ತು. ಬೆರಳುಗಳಿಗೆ ಬೇರೆ ಹೆಸರು ಬರೆದು ಗೊತ್ತೇ ಇರಲಿಲ್ಲ.

ಒಲೆಯ ಮೇಲೆ ನೀರು ಕುದಿದು ಉಕ್ಕಿ ಉರಿಯನ್ನು ನಂದಿಸಿತು. ಗ್ಯಾಸಿನ ವಾಸನೆ ಬಂದ ಮೇಲೆ ಎದ್ದು ಗುಬುಟು ತಿರುಗಿಸಿದಳು. ಆಮೇಲೆ ಬ್ಯಾಂಕಿಗೆ ತಾನೇ ಫೋನ್ ಮಾಡಿದಳು. ಅದೇ ಹುಡುಗಿ ಸಿಕ್ಕಳೋ, ಅದೇ ದನಿಯ ಬೇರೆಯವಳೋ. ಹೆಸರು ಬದಲಿಸುವ ಹಾಗಿಲ್ಲ, ರದ್ದು ಮಾಡಿದರೆ ಪಾಯಿಂಟು ವಾಪಸ್ ಬರುತ್ತದೆ, ಆದರೆ ಕಾರ್ಡಿನ ಯಜಮಾನರೇ ಮಾತಾಡಬೇಕು ಎಂದಳು.

"ಸರ್‌ಗೆ ಫೋನ್ ಕೊಡಿ ಮೇಡಂ."

"ಸ್ನಾನಕ್ಕೆ ಹೋಗಿದ್ದಾರೆ."

"ಪರ್ವಾಗಿಲ್ಲ, ನಾನು ಲೈನಲ್ಲೇ ಇರ್ತೀನಿ."

ಕಾರ್ಡಕ್ಕ ಫೋನು ಹಿಡಿದು ಬಚ್ಚಲಿನ ಬಾಗಿಲಿಗೆ ಬಂದಳು. ಒಳಗೆ ಚೊಂಬು ಬಕೆಟ್ಟಿನ ಅಂಚಿಗೆ ತಾಗಿದ ಸದ್ದು. ಬಾಗಿಲು ತಟ್ಟಲು ಕೈ ಎತ್ತಿದಳು. ತಟ್ಟಿದರೆ ಬಾಗಿಲ ಸಂದಿಯಿಂದ ಆ ಒದ್ದೆ ಕೈ ಬರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಫೋನನ್ನು ಅದಕ್ಕೆ ಕೊಟ್ಟರೆ ಅವನು ಮಾತಾಡುತ್ತಾನೆ. ಪಾಯಿಂಟು ವಾಪಸ್ ಬರುತ್ತದೆ. ಆಮೇಲೆ ನೀರು ಕಾಯಿಸುವುದು ಅವಳು ಸಾಯುವವರೆಗೂ ಮುಗಿಯುವುದಿಲ್ಲ.

ಕೈ ಇಳಿಸಿದಳು.

"ಅವರು ತೀರ್ಕೊಂಡಿದ್ದಾರೆ," ಅಂದಳು. "ತುಂಬ ದಿನ ಆಯ್ತು. ಇಷ್ಟು ದಿನ ನಾನೇ ಸುಳ್ಳು ಹೇಳ್ತಿದ್ದೆ."

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು. ಆಮೇಲೆ ಹುಡುಗಿ ಪುಸ್ತಕ ಓದುವ ದನಿಯಲ್ಲಿ ಸಂತಾಪ ಹೇಳಿ, ಎರಡು ಕಾರ್ಡೂ ಈಗಲೇ ನಿಲ್ಲುತ್ತವೆ, ಉಳಿದ ಪಾಯಿಂಟು ಹೋಗುತ್ತದೆ, ಬಿಲ್ಲಿನ ಬಾಕಿ ಮಾತ್ರ ಕಟ್ಟಬೇಕು ಎಂದಳು. ಟಿಕೆಟ್ಟಿನ ಗತಿ ಏನೆಂದು ಕೇಳಿದರೆ, ಅದು ಈಗ ವಿಮಾನದವರ ಕೈಯಲ್ಲಿದೆ, ನಮ್ಮದಲ್ಲ ಎಂದಳು. ಕೊನೆಗೆ ತನ್ನದೇ ದನಿಯಲ್ಲಿ ಕೇಳಿದಳು, "ತಿಂಡಿ ಆಯ್ತಾ ಮೇಡಂ ನಿಮ್ದು?"

ಆ ದಿನ ಲಾಂಡ್ರಿಯಲ್ಲಿ ಒಂದು ಅಂಗಿಗೆ ಗುಂಡಿ ಹಾಕುತ್ತಿರುವಾಗ ಅವಳ ಕೈ ತಟ್ಟನೆ ನಿಂತಿತು. ಇಷ್ಟು ವರ್ಷ ವಿಮಾನ ಬೇಕಾಗಿದ್ದದ್ದು ಬೇಗ ಹೋಗುವುದಕ್ಕಲ್ಲ. ಬೇಗ ವಾಪಸ್ ಬರುವುದಕ್ಕೆ. ಈಗ ಯಾರಿಗಾಗಿ ವಾಪಸ್ ಬರಬೇಕು? ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು, ಯಜಮಾನರಲ್ಲಿ ರಜೆ ಕೇಳಿದಳು. ಎಷ್ಟು ದಿನವಮ್ಮ ಎಂದರು. ಗೊತ್ತಿಲ್ಲ ಅಂದಳು. ಅವರು ಗೊಣಗುತ್ತಲೇ ಕವರು ತೆಗೆದು ಕೈಗಿಟ್ಟರು.

ರೈಲು ನಿಲ್ದಾಣದ ಕೌಂಟರಿನಲ್ಲಿ ಹೆಸರು ಎಂದು ಕೇಳಿದರು. ಅವಳು ಒಂದು ಗಳಿಗೆ ತಡೆದು, ತನ್ನ ಹೆಸರು ಹೇಳಿದಳು. ಹಿಂದೆ ನಿಂತಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು. ಹೋಗುವ ಟಿಕೆಟ್ಟು ಮಾತ್ರ ತೆಗೆದುಕೊಂಡಳು. ರೈಲು ಹೊರಡುವುದು ವಿಮಾನದ ಹಿಂದಿನ ದಿನ.

ಹೊರಡುವ ಬೆಳಗ್ಗೆ ನೀರು ಕಾಯಿಸಲಿಲ್ಲ. ನೀರಿನ ದೊಡ್ಡ ವಾಲ್ವನ್ನು ತಿರುಗಿಸಿ ಮುಚ್ಚಿದಳು. ಬಚ್ಚಲಿನ ಸದ್ದು ನಿಲ್ಲಲಿಲ್ಲ. ನಿಲ್ಲುತ್ತದೆ ಎಂದು ಅವಳೂ ಅಂದುಕೊಂಡಿರಲಿಲ್ಲ. ಗಂಡನ ಫೋನಿಗೆ ವಿಮಾನದವರ ಸಂದೇಶ ಬಂದಿತ್ತು: ನಿಮ್ಮ ಸೀಟು ಸಿದ್ಧವಾಗಿದೆ, ಶುಭ ಪ್ರಯಾಣ. ಬ್ಯಾಂಕಿಗೆ ಹೇಳಿದ್ದನ್ನು ವಿಮಾನದವರಿಗೆ ಯಾರೂ ಹೇಳಿರಲಿಲ್ಲ. ಫೋನನ್ನು ಬಚ್ಚಲಿನ ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟಳು. ಅಲ್ಲಿದ್ದ ಟವೆಲ್ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ನಾಳೆ ನಿಮ್ಮ ವಿಮಾನ," ಎಂದಳು ಮುಚ್ಚಿದ ಬಾಗಿಲಿಗೆ. "ಕಿಟಕಿ ಪಕ್ಕ ಸೀಟು. ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ."

ಮರುದಿನ ರೈಲು ಒಂದು ಬಯಲಿನಲ್ಲಿ ಸಿಗ್ನಲ್ಲಿಗೆ ಕಾದು ನಿಂತಿತ್ತು. ಅವಳು ಕಿಟಕಿಯ ಬಳಿ ಬಾಟಲಿಯ ನೀರಿನಲ್ಲಿ ಮುಖ ತೊಳೆದು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದಳು. ಟೀಚರಮ್ಮನ ಫೋನ್ ಬಂತು.

"ಕಾರ್ಡಕ್ಕ, ಮನೆಗೆ ಯಾರನ್ನಾದ್ರೂ ಬಿಟ್ಟು ಹೋಗಿದ್ದೀರಾ?"

"ಯಾಕೆ ಟೀಚರ್?"

"ಬೆಳಗಿಂದ ಒಂದೇ ಸಮನೆ ನೀರಿನ ಸದ್ದು. ನಲ್ಲಿ ಬಿಟ್ಟಿದ್ದೀರೇನೋ ಅಂತ ಮೇಲೆ ಹತ್ತಿ ಬರ್ತಿದ್ದೆ. ಅಷ್ಟರಲ್ಲಿ ನಿಂತ್ಹೋಯ್ತು. ಆಮೇಲೆ ನಿಮ್ಮನೆ ಬಾಗಿಲು ಎಳೆದ ಹಾಗೆ ಕೇಳಿಸ್ತು. ಮೆಟ್ಟಿಲಲ್ಲಿ ಮಾತ್ರ ಯಾರೂ ಎದುರು ಸಿಗಲಿಲ್ಲ."

ಅವಳು ಫೋನು ಇಟ್ಟಳು. ಟವೆಲಿನ ಒದ್ದೆ ಅಂಚನ್ನು ಕಿಟಕಿಯ ಸರಳಿಗೆ ಸುತ್ತಿ ಒಣಗಲು ಬಿಟ್ಟಳು. ರೈಲು ಒಮ್ಮೆ ಅಲುಗಿ ಮುಂದಕ್ಕೆ ಜರುಗಿತು. ಎದುರಿನ ಸೀಟಿನ ಹೆಂಗಸು, ಯಾವೂರಿಗೆ ಹೊರಟಿದ್ದೀರಿ, ಯಾರಿದ್ದಾರೆ ಅಲ್ಲಿ ಎಂದು ಮಾತಿಗೆಳೆದಳು.

"ಅಕ್ಕ ಇದ್ದಾಳೆ," ಅಂದಳು. "ನಾನು ಸ್ಕೂಲಿಂದ ಬರೋದನ್ನೇ ಕಾಯ್ತಾ ಇದ್ದಾಳೆ."